ಕಡಿದರೆ ಕೂಡದ ಬೆನ್ನುಹುರಿ

ಸಿಸೇರಿಯನ್ ಆಗಿ ಎಷ್ಟೋ ವರ್ಷ ಕಳೆದ ಮೇಲೂ ಸೊಂಟ ಹಿಡಿದುಕೊಂಡಾಗಲೆಲ್ಲ ನಮ್ಮ ಹೆಣ್ಣುಮಕ್ಕಳು ದೂರುವುದು ಒಂದನ್ನೇ: ‘ಅವತ್ತು ಬೆನ್ನಿಗೆ ಇಂಜೆಕ್ಷನ್ ಕೊಟ್ರಲ್ಲ, ಅದರದ್ದೇ ಇದು.’ ಹೆರಿಗೆಗೆ ಹೊರಟ ಮಗಳಿಗೆ ತಾಯಿ, ಸೊಸೆಗೆ ಅತ್ತೆ ಈ ಭಯವನ್ನು ದಾಟಿಸುತ್ತಾರೆ. ಹರ್ನಿಯಾ, ಮೂಲವ್ಯಾಧಿಯ ಆಪರೇಷನ್‌ಗೆ ಹೋದ ಗಂಡಸರೂ ‘ಪೂರ್ತಿ ಎಚ್ಚರ ತಪ್ಪಿಸಿಬಿಡಿ ಡಾಕ್ಟ್ರೇ, ಬೆನ್ನಿಗೆ ಮಾತ್ರ ಬೇಡ’ ಎಂದು ಗೋಗರೆಯುವುದುಂಟು. ಈ ಭಯದ ಒಳಗೊಂದು ಸರಿಯಾದ ತಿಳಿವಳಿಕೆ ಇದೆ. ಬೆನ್ನಿನೊಳಗೆ ಒಂದು ವಸ್ತುವಿದೆ, ಅದಕ್ಕೆ ದೊಡ್ಡ ಪೆಟ್ಟು ಬಿದ್ದರೆ ಮನುಷ್ಯ ಎದ್ದು ನಡೆಯುವುದೇ ಕಷ್ಟ ಎಂಬುದು ಜನಕ್ಕೆ ಗೊತ್ತು. ಗೊತ್ತಿಲ್ಲದಿರುವುದು, ಆ ಸೂಜಿ ಚುಚ್ಚುವ ಜಾಗದಲ್ಲಿ ಆ ವಸ್ತುವೇ ಇಲ್ಲ ಎಂಬುದು.

ಆಪರೇಷನ್ ಕೋಣೆಯಲ್ಲಿ ಆಗುವುದಿಷ್ಟು. ಗರ್ಭಿಣಿಯನ್ನು ಮೇಜಿನ ಅಂಚಿಗೆ ಕೂರಿಸಿ, ಇಲ್ಲವೇ ಪಕ್ಕಕ್ಕೆ ಮಲಗಿಸಿ, ಗಲ್ಲವನ್ನು ಎದೆಗೆ ತಾಗಿಸಿಕೊಂಡು ಬೆನ್ನು ಬಾಗಿಸಲು ಹೇಳುತ್ತಾರೆ. ಅರಿವಳಿಕೆ ವೈದ್ಯರು ಎರಡೂ ಕೈಗಳಿಂದ ಸೊಂಟದ ಎಲುಬಿನ ಮೇಲ್ತುದಿಯನ್ನು ಮುಟ್ಟಿ ನೋಡುತ್ತಾರೆ. ಎರಡೂ ತುದಿಗಳನ್ನು ಸೇರಿಸಿ ಅಡ್ಡಗೆರೆ ಎಳೆದರೆ ಅದು ಸೊಂಟದ ನಾಲ್ಕನೇ ಕಶೇರುಕದ ಆಸುಪಾಸಿನಲ್ಲಿ ಹಾದುಹೋಗುತ್ತದೆ. ಅದರ ಮೇಲಿನ ಅಥವಾ ಕೆಳಗಿನ ಸಂದಿನಲ್ಲಿ ತೆಳುವಾದ ಸೂಜಿ ಒಳಹೋಗುತ್ತದೆ. ಚರ್ಮ, ಮೂಳೆಗಳನ್ನು ಕಟ್ಟಿಹಿಡಿದ ನಾರು, ಆಮೇಲೆ ಒಂದು ಗಟ್ಟಿ ಪೊರೆ. ಆ ಪೊರೆ ದಾಟಿದಾಗ ಸೂಜಿಯ ಹಿಂಬದಿಯಿಂದ ತಿಳಿನೀರಿನಂಥ ಹನಿ ತೊಟ್ಟಿಕ್ಕುತ್ತದೆ. ಆ ಹನಿ ಕಂಡ ಮೇಲೆಯೇ ಔಷಧ ಕೊಡುವುದು, ಅದೂ ಸುಮಾರು ಎರಡು ಮಿಲಿಲೀಟರ್.

ವಯಸ್ಕರ ಬೆನ್ನುಹುರಿ ಸೊಂಟದ ಮೊದಲನೇ ಮತ್ತು ಎರಡನೇ ಕಶೇರುಕದ ಹತ್ತಿರವೇ ಮುಗಿದುಹೋಗಿರುತ್ತದೆ. ಸೂಜಿ ಒಳಹೋಗುವುದು ಅದಕ್ಕಿಂತ ಕೆಳಗೆ. ಗರ್ಭದಲ್ಲಿ ಮೂರನೇ ತಿಂಗಳವರೆಗೆ ಬೆನ್ನುಹುರಿ ಮತ್ತು ಬೆನ್ನುಮೂಳೆಯ ಉದ್ದ ಹೆಚ್ಚುಕಡಿಮೆ ಒಂದೇ. ಅಲ್ಲಿಂದ ಮುಂದೆ ಮೂಳೆ ಬೇಗ ಬೇಗ ಬೆಳೆಯುತ್ತದೆ, ಹುರಿ ನಿಧಾನಿಸುತ್ತದೆ. ಹುಟ್ಟುವ ಹೊತ್ತಿಗೆ ಹುರಿಯ ತುದಿ ಸೊಂಟದ ಮೂರನೇ ಕಶೇರುಕದ ಹತ್ತಿರ ಇದ್ದರೆ, ಬೆಳೆಯುತ್ತ ಇನ್ನೂ ಮೇಲಕ್ಕೆ ಸರಿದಂತೆ ಆಗುತ್ತದೆ. ಉಳಿದ ಜಾಗದಲ್ಲಿರುವುದು ಕಾಲಿಗೆ, ಮೂತ್ರಕೋಶಕ್ಕೆ, ಗುದಭಾಗಕ್ಕೆ ಹೋಗಲಿರುವ ನರಗಳ ಎಳೆಗಳು. ಅಂಗರಚನಾ ತಜ್ಞರು ಇವುಗಳ ಗೊಂಚಲನ್ನು ಕುದುರೆಬಾಲ ಎಂದೇ ಕರೆದಿದ್ದಾರೆ. ದ್ರವದಲ್ಲಿ ಸಡಿಲವಾಗಿ ತೇಲುವ ಈ ಎಳೆಗಳು ಸೂಜಿ ಬಂದರೆ ಸಾಮಾನ್ಯವಾಗಿ ಪಕ್ಕಕ್ಕೆ ಸರಿಯುತ್ತವೆ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ದ್ರವ ಸೋರಿ, ಎದ್ದು ಕೂತರೆ ಜೋರಾಗುವ, ಮಲಗಿದರೆ ಕಡಿಮೆಯಾಗುವ ತಲೆನೋವು ಕೆಲವರಿಗೆ ಬರುತ್ತದೆ. ವರ್ಷಗಟ್ಟಲೆ ಕಾಡುವ ಸೊಂಟನೋವಿಗೆ ಮಾತ್ರ ಕಾರಣವನ್ನು ಬಸಿರಿನಲ್ಲಿ ಸಡಿಲಗೊಂಡ ಕಟ್ಟುಗಳಲ್ಲಿ, ಸೋತ ಸ್ನಾಯುಗಳಲ್ಲಿ, ಮಗುವನ್ನು ಎತ್ತಿ ಇಳಿಸುವ ದುಡಿಮೆಯಲ್ಲಿ ಹುಡುಕಬೇಕು. ಸಹಜ ಹೆರಿಗೆಯಾದವರಲ್ಲೂ ಆ ನೋವು ಕಾಣುತ್ತದೆ.

ಬೆನ್ನಿಗೆ ಅರಿವಳಿಕೆ ಕೊಟ್ಟು ಮೊದಲು ಶಸ್ತ್ರಚಿಕಿತ್ಸೆ ಮಾಡಿದವರು ಜರ್ಮನಿಯ ಕೀಲ್ ನಗರದ ಆಗಸ್ಟ್ ಬಿಯರ್, 1898ರ ಆಗಸ್ಟ್‌ನಲ್ಲಿ. ಆಗ ಅವರ ಕೈಲಿದ್ದ ಔಷಧ ಕೊಕೇನ್. ರೋಗಿಗಳ ಮೇಲೆ ಪ್ರಯೋಗಿಸಿದ ಮೇಲೆ, ಒಳಗೆ ಏನಾಗುತ್ತದೆಂದು ತಿಳಿಯಲು ತಮ್ಮ ಮೇಲೂ ಸಹಾಯಕನ ಮೇಲೂ ಅದನ್ನು ಮಾಡಿನೋಡಿದರು. ದ್ರವ ಸೋರಿ ಬರುವ ಆ ತಲೆನೋವನ್ನು ಮೊದಲು ದಾಖಲಿಸಿದವರೂ ಅವರೇ.

ಔಷಧ ಸೇರಿದ ಮೇಲೆ ಆಗುವ ಬದಲಾವಣೆಗೆ ಒಂದು ಕ್ರಮವಿದೆ. ಮೊದಲು ಕಾಲು ಬೆಚ್ಚಗಾಗುತ್ತದೆ. ಆಮೇಲೆ ನೋವು ಮತ್ತು ಬಿಸಿ-ತಂಪಿನ ಅರಿವು ಹೋಗುತ್ತದೆ, ಸ್ಪರ್ಶ ಅದಕ್ಕಿಂತ ತಡವಾಗಿ. ಕಾಲು ಎತ್ತುವ ಶಕ್ತಿ ಹೋಗುವುದು ಕೊನೆಯ ಹೊತ್ತಿಗೆ. ‘ಹೊಟ್ಟೆ ಕೊಯ್ದದ್ದು ಗೊತ್ತಾಗಲಿಲ್ಲ, ಆದರೆ ಯಾರೋ ಒಳಗೆ ಕೈ ಹಾಕಿ ಎಳೆದ ಹಾಗಿತ್ತು’ ಎಂದು ಸಿಸೇರಿಯನ್ ಆದವರು ಹೇಳುವುದು ಇದಕ್ಕೇ. ನೋವಿನ ಎಳೆ ಬೇರೆ, ಮುಟ್ಟಿದ್ದು ತಿಳಿಸುವ ಎಳೆ ಬೇರೆ, ಚಲನೆಯ ಎಳೆ ಬೇರೆ. ಬೆನ್ನುಹುರಿಯ ಒಳಗೂ ಇವು ಬೇರೆ ಬೇರೆ ದಾರಿ ಹಿಡಿಯುತ್ತವೆ.

ಕೇಂದ್ರ ನರಮಂಡಲ ಎಂದರೆ ಮಿದುಳು ಮತ್ತು ಬೆನ್ನುಹುರಿ. ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಆದರೂ ಮಿದುಳೇ ಯಜಮಾನ, ಬೆನ್ನುಹುರಿ ಅದರ ಆಜ್ಞೆ ಸಾಗಿಸುವ ಬರಿಯ ತಂತಿ ಎಂಬ ಭಾವನೆ ಉಳಿದುಬಿಟ್ಟಿದೆ. ಇದು ತಪ್ಪು. ಗರ್ಭ ನಿಂತ ನಾಲ್ಕನೇ ವಾರದ ಕೊನೆಗೆ ಭ್ರೂಣದ ಬೆನ್ನ ಮೇಲೆ ಮುಚ್ಚಿಕೊಳ್ಳುವ ಒಂದೇ ಕೊಳವೆಯಿಂದ ಎರಡೂ ಹುಟ್ಟುತ್ತವೆ. ಬಸಿರಾದದ್ದು ತಿಳಿಯುವ ಮೊದಲೇ ಈ ಕೆಲಸ ಮುಗಿದಿರಬಹುದು. ಹೀಗಾಗಿ ಫೋಲಿಕ್ ಆಮ್ಲದ ಮಾತ್ರೆಯನ್ನು ಮಗು ಬೇಕೆಂದು ತೀರ್ಮಾನಿಸಿದಾಗಲೇ ಶುರು ಮಾಡಿ ಎಂದು ವೈದ್ಯರು ಹೇಳುತ್ತಾರೆ. ಕೊಳವೆ ಮುಚ್ಚದೆ ಉಳಿದರೆ ಮಗು ಬೆನ್ನುಹುರಿ ತೆರೆದುಕೊಂಡೇ ಹುಟ್ಟುವ ಅಪಾಯವಿದೆ. ಈ ಮಾತ್ರೆ ಅದನ್ನು ಬಹುಪಾಲು ತಡೆಯುತ್ತದೆಂದು 1991ರಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು ಖಚಿತಪಡಿಸಿತು.

ಮಿದುಳು, ಬೆನ್ನುಹುರಿ ಎರಡಕ್ಕೂ ಕಾವಲು ಒಂದೇ ಬಗೆಯದು: ಹೊರಗೆ ಮೂಳೆ, ಒಳಗೆ ಮೂರು ಪೊರೆ, ಪೊರೆಗಳ ನಡುವೆ ದ್ರವ. ಯಾವುದೇ ಹೊತ್ತಿನಲ್ಲಿ ಆ ದ್ರವ ಇರುವುದು ಸುಮಾರು 150 ಮಿಲಿಲೀಟರ್. ದಿನಕ್ಕೆ ಅರ್ಧ ಲೀಟರಿನಷ್ಟು ಹೊಸದಾಗಿ ಹುಟ್ಟಿ ಹಳೆಯದು ರಕ್ತಕ್ಕೆ ಮರಳುತ್ತದೆ. ಮಿದುಳು ಗಟ್ಟಿ ಮೊಸರಿನಷ್ಟು ಮೆತ್ತಗಿನ ವಸ್ತು. ತನ್ನ 1,300ರಿಂದ 1,400 ಗ್ರಾಂ ತೂಕದ ಅಡಿಯಲ್ಲಿ ತಾನೇ ನಲುಗದೆ ಉಳಿದಿರುವುದು ಈ ದ್ರವದಲ್ಲಿ ತೇಲುತ್ತಿರುವುದರಿಂದ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಾರ್ವಜನಿಕರಿಗಾಗಿಯೇ ಮಿದುಳಿನ ವಸ್ತುಸಂಗ್ರಹಾಲಯವಿದೆ. ಮಕ್ಕಳನ್ನು ಕರೆದುಕೊಂಡು ಹೋಗಬೇಕಾದ ಜಾಗ ಅದು. ಜಾಡಿಯಲ್ಲಿಟ್ಟ ಮಿದುಳು ರಾಸಾಯನಿಕದಿಂದ ಗಟ್ಟಿಯಾಗಿರುತ್ತದೆ, ಜೀವಂತ ತಲೆಯೊಳಗಿನದು ಅಷ್ಟು ಗಟ್ಟಿಯಲ್ಲ ಎಂಬುದನ್ನು ಅಲ್ಲಿ ನೆನಪಿಟ್ಟುಕೊಳ್ಳಬೇಕು. ಅದು ತಿಳಿದ ಮೇಲೆ ಹೆಲ್ಮೆಟ್ ಯಾಕೆ ಬೇಕೆಂದು ಮಕ್ಕಳಿಗೆ ಬೇರೆ ಪಾಠ ಬೇಕಾಗುವುದಿಲ್ಲ.

ಮಿದುಳಿನ ಬಗ್ಗೆ ಎಲ್ಲೆಡೆ ಬರೆಯುತ್ತಾರೆ, ಇಲ್ಲಿ ಒಂದೆರಡು ಮಾತು ಸಾಕು. ಅದರಲ್ಲಿ ಹತ್ತು ಸಾವಿರ ಕೋಟಿ ನರಕೋಶಗಳಿವೆ ಎಂದು ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತಿದ್ದವು. ಬ್ರೆಜಿಲ್‌ನ ವಿಜ್ಞಾನಿ ಸುಜಾನಾ ಹರ್ಕ್ಯುಲಾನೊ-ಹೌಜೆಲ್ ಮಿದುಳನ್ನು ಏಕರೂಪದ ದ್ರಾವಣವಾಗಿಸಿ ಅದರೊಳಗಿನ ಕೋಶಕೇಂದ್ರಗಳನ್ನು ಎಣಿಸುವ ವಿಧಾನ ಕಂಡುಕೊಂಡರು. 2009ರಲ್ಲಿ ಪ್ರಕಟವಾದ ಲೆಕ್ಕದಂತೆ ಒಟ್ಟು ಸುಮಾರು 8,600 ಕೋಟಿ. ಇದರಲ್ಲಿ 6,900 ಕೋಟಿ ಇರುವುದು ತಲೆಯ ಹಿಂಬದಿಯ ಪುಟ್ಟ ಕಿರುಮಿದುಳಿನಲ್ಲಿ. ತೂಕದಲ್ಲಿ ಹತ್ತರಲ್ಲೊಂದು ಪಾಲು, ಕೋಶಗಳಲ್ಲಿ ಐದರಲ್ಲಿ ನಾಲ್ಕು ಪಾಲು. ನಾವು ಯೋಚನೆ, ಮಾತು, ನೆನಪು ಎಂದು ಹೆಮ್ಮೆಪಡುವ ಮಿದುಳಿನ ಹೊರಪದರಕ್ಕೆ ಸಿಕ್ಕಿರುವುದು 1,600 ಕೋಟಿ ಮಾತ್ರ. ನಡೆಯುವಾಗ ಬೀಳದಿರುವುದಕ್ಕೆ, ತುತ್ತು ಬಾಯಿಗೇ ಹೋಗುವುದಕ್ಕೆ, ತಾಳ ತಪ್ಪದೆ ಮೃದಂಗ ನುಡಿಸುವುದಕ್ಕೆ ಪ್ರಕೃತಿ ಇಟ್ಟಿರುವ ಬಂಡವಾಳ ಅಷ್ಟು ದೊಡ್ಡದು.

ಈಗ ಕಾಲಿನ ಹೆಬ್ಬೆರಳು ಅಲ್ಲಾಡಿಸಿ ನೋಡಿ. ಆ ಅಪ್ಪಣೆ ನೆತ್ತಿಯ ಕೆಳಗಿನ ಹೊರಪದರದಲ್ಲಿ ಹೊರಟಿತು. ಹೊರಟ ಕೋಶದ ಒಂದೇ ಎಳೆ ಎಲ್ಲೂ ತುಂಡಾಗದೆ ಮಿದುಳನ್ನು ದಾಟಿ, ಮಿದುಳುಕಾಂಡ ದಾಟಿ, ಬೆನ್ನುಹುರಿಯ ಕೆಳತುದಿಯವರೆಗೆ ಅರ್ಧ ಮೀಟರಿಗೂ ಹೆಚ್ಚು ಉದ್ದ ಇಳಿಯುತ್ತದೆ. ಅಲ್ಲಿ ಕಾದಿರುವ ಇನ್ನೊಂದು ಕೋಶದ ಎಳೆ ಹೆಚ್ಚುಕಡಿಮೆ ಒಂದು ಮೀಟರ್ ಓಡಿ ಕಾಲಿನ ಸ್ನಾಯು ಮುಟ್ಟುತ್ತದೆ. ನಡುವೆ ಬೇರೆ ಕೋಶಗಳೂ ಕೈಜೋಡಿಸುತ್ತವೆ ನಿಜ. ಆದರೆ ನೇರ ದಾರಿಯಲ್ಲಿ ಮನಸ್ಸಿಗೂ ಹೆಬ್ಬೆರಳಿಗೂ ನಡುವೆ ಇರುವುದು ಎರಡೇ ಕೋಶ. ನರಮಂಡಲದ ಬಗ್ಗೆ ತಿಳಿದ ಸಂಗತಿಗಳಲ್ಲಿ ನನ್ನನ್ನು ಹೆಚ್ಚು ಬೆರಗಾಗಿಸಿದ್ದು ಇದು. ಆ ಉದ್ದದ ಎಳೆ ದಾರಿಯಲ್ಲಿ ಎಲ್ಲಿಯೇ ತುಂಡಾದರೂ ಅದಕ್ಕೆ ಬದಲಿ ಇಲ್ಲ ಎಂಬ ಕಳವಳವೂ ಇದರ ಜೊತೆಗೇ ಬರುತ್ತದೆ.

ಕೆಳಗಿಳಿಯುವ ಈ ಎಳೆಗಳಲ್ಲಿ ಹೆಚ್ಚಿನವು ಮಿದುಳುಕಾಂಡದ ಕೆಳಭಾಗದಲ್ಲಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟುತ್ತವೆ. ಎಡ ಮಿದುಳಿಗೆ ಲಕ್ವ ಹೊಡೆದರೆ ಬಲಗೈ ಬಲಗಾಲು ಬೀಳುವುದು ಇದರಿಂದ. ನೋವಿನ ಸುದ್ದಿ ಹೊತ್ತು ಮೇಲೇರುವ ಎಳೆಗಳು ಮಾತ್ರ ಅಲ್ಲಿಯವರೆಗೆ ಕಾಯುವುದಿಲ್ಲ. ಬೆನ್ನುಹುರಿ ಹೊಕ್ಕ ಮಟ್ಟದಲ್ಲೇ ಎದುರು ಬದಿಗೆ ದಾಟಿಬಿಡುತ್ತವೆ. ಮಾರಿಷಸ್‌ನಲ್ಲಿ ಹುಟ್ಟಿದ ವೈದ್ಯ ಬ್ರೌನ್-ಸೆಕಾರ್ 1850ರ ಸುಮಾರಿಗೆ ಇದನ್ನು ತೋರಿಸಿಕೊಟ್ಟರು. ಚಾಕು ಇರಿತದಂಥ ಗಾಯದಲ್ಲಿ ಬೆನ್ನುಹುರಿಯ ಬಲ ಅರ್ಧ ಮಾತ್ರ ಕಡಿದರೆ ಬಲಗಾಲು ಸ್ವಾಧೀನ ತಪ್ಪುತ್ತದೆ, ಆದರೆ ಸೂಜಿ ಚುಚ್ಚಿದರೆ ಅದಕ್ಕೆ ನೋಯುತ್ತದೆ. ಎಡಗಾಲು ಸಲೀಸಾಗಿ ಆಡುತ್ತದೆ, ಕೆಂಡ ತುಳಿದರೂ ಅದಕ್ಕೆ ತಿಳಿಯದು. ಸ್ಕ್ಯಾನಿಂಗ್ ಇಲ್ಲದ ಕಾಲದಲ್ಲಿ ವೈದ್ಯರು ಒಂದು ಸೂಜಿ, ಒಂದು ಹತ್ತಿಯ ಎಳೆ ಹಿಡಿದು ಗಾಯ ಯಾವ ಬದಿಯಲ್ಲಿ, ಯಾವ ಮಟ್ಟದಲ್ಲಿದೆ ಎಂದು ಹೇಳುತ್ತಿದ್ದದ್ದು ಹೀಗೆ. ಒಳ್ಳೆಯ ವೈದ್ಯರು ಇಂದಿಗೂ ಎಂಆರ್‌ಐಗೆ ಮೊದಲು ಅದನ್ನೇ ಮಾಡುತ್ತಾರೆ.

ಬೆನ್ನುಹುರಿಯನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಹೊರಗೆ ಬಿಳಿ, ನಡುವೆ ಬೂದು ಬಣ್ಣ. ಬಿಳಿಯದು ಕೊಬ್ಬಿನ ಹೊದಿಕೆಯಿರುವ ಎಳೆಗಳು, ಬೂದು ಇರುವಲ್ಲಿ ನರಕೋಶಗಳು. ಬೂದು ಭಾಗದ ಹಿಂಬದಿ ಸುದ್ದಿ ಪಡೆಯುತ್ತದೆ, ಮುಂಬದಿ ಸ್ನಾಯುಗಳಿಗೆ ಅಪ್ಪಣೆ ಕಳಿಸುತ್ತದೆ. ಈ ವಿಂಗಡಣೆ ಎಷ್ಟು ಕಟ್ಟುನಿಟ್ಟು ಎಂಬುದನ್ನು ಪೋಲಿಯೋ ವೈರಸ್ ಕ್ರೂರವಾಗಿ ತೋರಿಸಿಕೊಟ್ಟಿತ್ತು. ಅದು ಮುಖ್ಯವಾಗಿ ಕೊಲ್ಲುವುದು ಮುಂಬದಿಯ ಚಲನ ಕೋಶಗಳನ್ನು. ಹೀಗಾಗಿ ಪೋಲಿಯೋ ಆದ ಮಗುವಿನ ಕಾಲು ಸೊರಗುತ್ತದೆ, ಆದರೆ ಆ ಕಾಲಿಗೆ ಇರುವೆ ಕಚ್ಚಿದರೂ ಗೊತ್ತಾಗುತ್ತದೆ. ಗಾಲಿಕುರ್ಚಿಯಲ್ಲಿ ಕುಳಿತೇ ದೇಶಕ್ಕೆ ಪದಕಗಳನ್ನು ತಂದು ಪದ್ಮಶ್ರೀ ಪಡೆದ ಬೆಂಗಳೂರಿನ ಮಾಲತಿ ಹೊಳ್ಳ ಎಳೆತನದಲ್ಲೇ ಈ ರೋಗಕ್ಕೆ ಸಿಕ್ಕವರು. ಭಾರತದಲ್ಲಿ ಕಾಡು ಪೋಲಿಯೋದ ಕೊನೆಯ ಪ್ರಕರಣ 2011ರ ಜನವರಿಯದು. ಎರಡು ಹನಿ ಲಸಿಕೆ ಕಾಪಾಡಿದ್ದು ಬೆನ್ನುಹುರಿಯ ಮುಂಭಾಗದ ಆ ಚೂರು ಬೂದು ಪ್ರದೇಶವನ್ನು.

ಬೆನ್ನುಹುರಿ ತಾನೇ ತೀರ್ಮಾನ ಕೈಗೊಳ್ಳುವುದನ್ನು ಮನೆಯಲ್ಲೇ ನೋಡಬಹುದು. ಮಗುವನ್ನು ಕಾಲು ನೇತಾಡುವಂತೆ ಎತ್ತರದಲ್ಲಿ ಕೂರಿಸಿ, ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನ ಮೇಲೆ ಅಂಗೈಯ ಅಂಚಿನಿಂದ ಹಗುರವಾಗಿ ಹೊಡೆಯಿರಿ. ಕಾಲು ಮುಂದಕ್ಕೆ ಚಿಮ್ಮುತ್ತದೆ. ಎಳೆತಕ್ಕೊಳಗಾದ ತೊಡೆಯ ಸ್ನಾಯುವಿನಿಂದ ಒಂದು ನರಕೋಶ ಬೆನ್ನುಹುರಿಗೆ ಸುದ್ದಿ ತಂದಿತು, ಅಲ್ಲಿ ಒಂದೇ ಸಂಧಿ ದಾಟಿ ಇನ್ನೊಂದು ಕೋಶ ಅದೇ ಸ್ನಾಯುವಿಗೆ ‘ಬಿಗಿಯಾಗು’ ಎಂದಿತು. ಅದೇ ಕ್ಷಣಕ್ಕೆ ತೊಡೆಯ ಹಿಂಬದಿಯ ಸ್ನಾಯುವಿಗೆ ‘ಸಡಿಲಾಗು’ ಎಂಬ ಅಪ್ಪಣೆಯೂ ಹೋಯಿತು. ಮಿದುಳಿಗೆ ವಿಷಯ ತಿಳಿಯುವುದು ಎಲ್ಲ ಮುಗಿದ ಮೇಲೆ. ಜರ್ಮನಿಯ ಎರ್ಬ್ ಮತ್ತು ವೆಸ್ಟ್‌ಫಾಲ್ 1875ರಲ್ಲಿ ಒಬ್ಬರನ್ನೊಬ್ಬರು ಅರಿಯದೆ ಇದನ್ನು ವಿವರಿಸಿದರು. ಈ ಪರೀಕ್ಷೆಗೆ ಬಳಸುವ ಚಿಕ್ಕ ರಬ್ಬರ್ ಸುತ್ತಿಗೆ ಇಂದಿಗೂ ನರರೋಗ ತಜ್ಞರ ಕೈ ಬಿಟ್ಟಿಲ್ಲ. ಬಿಸಿ ಬಾಣಲೆ ತಗುಲಿದ ಬೆರಳು ‘ಅಯ್ಯೋ’ ಎನ್ನುವ ಮೊದಲೇ ಹಿಂದೆ ಬರುವುದೂ ಬೆನ್ನುಹುರಿಯ ಕೆಲಸವೇ. ನಡಿಗೆಯ ಲಯವನ್ನು ಹುಟ್ಟಿಸುವ ಕೋಶಜಾಲ ಕೂಡ ಅಲ್ಲೇ ಇದೆ ಎಂದು ವಿಜ್ಞಾನಿ ಗ್ರಹಾಂ ಬ್ರೌನ್ 1911ರಲ್ಲೇ ಬೆಕ್ಕುಗಳಲ್ಲಿ ತೋರಿಸಿದ್ದರು.

ಇಷ್ಟೆಲ್ಲ ಬಲ್ಲ ಅಂಗ ಗಾಯವಾದರೆ ಮತ್ತೆ ಕೂಡಿಕೊಳ್ಳುವುದಿಲ್ಲ. ಕೈಯ ನರ ಕಡಿದು ಸರಿಯಾಗಿ ಹೊಲಿದರೆ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಎಳೆ ಮತ್ತೆ ಬೆಳೆಯುತ್ತದೆ. ಬೆನ್ನುಹುರಿಯಲ್ಲಿ ತುಂಡಾದ ಎಳೆ ಒಂಚೂರು ಚಿಗುರಿ ನಿಂತುಬಿಡುತ್ತದೆ. ನರಕೋಶದ ಚಿತ್ರಗಳಿಗಾಗಿಯೇ ಹೆಸರಾದ ಸ್ಪೇನ್‌ನ ಸಾಂಟಿಯಾಗೊ ರಮೋನ್ ಇ ಕಹಾಲ್ ಇದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಬೆಳೆದ ಪ್ರಾಣಿಯ ಕೇಂದ್ರ ನರಮಂಡಲಕ್ಕೆ ಮರುಹುಟ್ಟು ಇಲ್ಲ ಎಂಬ ತೀರ್ಮಾನಕ್ಕೆ ಬಂದರು. ಅದನ್ನು ಮುಂದಿನ ಪೀಳಿಗೆಯ ವಿಜ್ಞಾನಿಗಳಿಗೆ ಸವಾಲಾಗಿಯೂ ಬಿಟ್ಟುಹೋದರು. 1981ರಲ್ಲಿ ಮಾಂಟ್ರಿಯಲ್‌ನಲ್ಲಿ ಆಲ್ಬರ್ಟ್ ಅಗ್ವಾಯೊ ಮತ್ತು ಸ್ಯಾಮುಯೆಲ್ ಡೇವಿಡ್ ಇಲಿಯ ಕಾಲಿನ ನರದ ತುಂಡೊಂದನ್ನು ಅದರ ಬೆನ್ನುಹುರಿಗೂ ಮಿದುಳುಕಾಂಡಕ್ಕೂ ಸೇತುವೆಯಾಗಿ ಕೂರಿಸಿದಾಗ, ಬೆನ್ನುಹುರಿಯ ಕೋಶಗಳ ಎಳೆಗಳು ಅದರೊಳಗೆ ಸೆಂಟಿಮೀಟರ್‌ಗಟ್ಟಲೆ ಬೆಳೆದವು. ಅಂದರೆ ಕೋಶಕ್ಕೆ ಬೆಳೆಯುವ ಶಕ್ತಿ ಇದೆ, ಸುತ್ತಲಿನ ಪರಿಸರ ಬಿಡುತ್ತಿಲ್ಲ. ತಡೆಯುವ ಪ್ರೋಟೀನೊಂದು ಕೇಂದ್ರ ನರಮಂಡಲದ ಕೊಬ್ಬಿನ ಹೊದಿಕೆಯಲ್ಲೇ ಇದೆ ಎಂದು ಜ್ಯೂರಿಕ್‌ನ ಮಾರ್ಟಿನ್ ಶ್ವಾಬ್ ಕಂಡುಕೊಂಡರು. ಗಾಯದ ಜಾಗದಲ್ಲಿ ಕಟ್ಟುವ ಗಡಸು ಕಲೆಯೂ ಅಡ್ಡಿ. ಸ್ವಿಟ್ಜರ್ಲೆಂಡ್‌ನ ಲೊಸಾನ್‌ನಲ್ಲಿ ಕೆಲವು ರೋಗಿಗಳು ಬೆನ್ನುಹುರಿಯ ಮೇಲೆ ಇರಿಸಿದ ವಿದ್ಯುದ್ವಾರಗಳ ನೆರವಿನಿಂದ ಹೆಜ್ಜೆ ಹಾಕಿದ್ದಾರೆ. ಗಾಯದ ಕೆಳಗೆ ಸುಮ್ಮನೆ ಉಳಿದಿದ್ದ ನಡಿಗೆಯ ಜಾಲವನ್ನು ಎಬ್ಬಿಸುವ ಕ್ರಮ ಅದು. ಇವೆಲ್ಲ ದೊಡ್ಡ ಭರವಸೆ. ಆದರೆ ‘ಸ್ಟೆಮ್ ಸೆಲ್ ಹಾಕಿ ನಡೆಸುತ್ತೇವೆ’ ಎಂದು ಲಕ್ಷಗಟ್ಟಲೆ ಹಣ ಕೇಳುವವರನ್ನು ನಂಬಿ ಯಾರೂ ಹೊಲ ಮಾರಬಾರದು. ಕಡಿದ ಬೆನ್ನುಹುರಿಯನ್ನು ಮೊದಲಿನಂತೆ ಮಾಡುವ ಚಿಕಿತ್ಸೆ ಇಂದಿಗೆ ಎಲ್ಲೂ ಇಲ್ಲ.

ಪೆಟ್ಟು ಯಾವ ಮಟ್ಟದಲ್ಲಿ ಬಿತ್ತು ಎಂಬುದರ ಮೇಲೆ ಮುಂದಿನ ಬದುಕು ನಿಂತಿರುತ್ತದೆ. ಉಸಿರಾಟದ ಮುಖ್ಯ ಸ್ನಾಯು ವಪೆ. ಅದಕ್ಕೆ ನರ ಹೋಗುವುದು ಕುತ್ತಿಗೆಯ ಮೂರು, ನಾಲ್ಕು, ಐದನೇ ಮಟ್ಟದಿಂದ. ಅದಕ್ಕೂ ಮೇಲೆ ಪೂರ್ತಿ ಕಡಿದರೆ ಸ್ಥಳದಲ್ಲೇ ಉಸಿರು ನಿಲ್ಲುತ್ತದೆ. ಕುತ್ತಿಗೆಯ ಕೆಳಭಾಗದಲ್ಲಾದರೆ ಕಾಲುಗಳ ಜೊತೆ ಬೆರಳುಗಳ ಹಿಡಿತವೂ ಹೋಗುತ್ತದೆ, ಎದೆಯ ಮಟ್ಟದಲ್ಲಾದರೆ ಕೈ ಉಳಿದು ಕಾಲುಗಳು ಹೋಗುತ್ತವೆ. ಮೂತ್ರಕೋಶದ ನರಗಳು ಹುರಿಯ ಕಟ್ಟಕಡೆಯಲ್ಲಿ ಇರುವುದರಿಂದ ಪೆಟ್ಟು ಎಲ್ಲೇ ಬೀಳಲಿ, ಮೂತ್ರದ ತೊಂದರೆ ಹೆಚ್ಚಿನವರನ್ನು ಬಿಡುವುದಿಲ್ಲ. ಹಿಂದೆ ಈ ರೋಗಿಗಳು ಸಾಯುತ್ತಿದ್ದದ್ದು ಮೂತ್ರದ ಸೋಂಕಿನಿಂದ, ಹಾಸಿಗೆ ಹುಣ್ಣಿನಿಂದ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ಎರಡೆರಡು ಗಂಟೆಗೊಮ್ಮೆ ರೋಗಿಯನ್ನು ಮಗ್ಗುಲು ಬದಲಿಸಿ ಮಲಗಿಸುವ ಶಿಸ್ತು ತಂದರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಗಾಲಿಕುರ್ಚಿಯ 16 ಜನರಿಗೆ ಬಿಲ್ಲುಗಾರಿಕೆಯ ಸ್ಪರ್ಧೆ ನಡೆಸಿದರು. ಇಂದಿನ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅದರಿಂದಲೇ. ನಮ್ಮ ನೆರೆಯ ವೆಲ್ಲೂರಿನಲ್ಲಿ ಡಾ. ಮೇರಿ ವರ್ಗೀಸ್ 1954ರ ಕಾರು ಅಪಘಾತದಲ್ಲಿ ಎರಡೂ ಕಾಲುಗಳ ಸ್ವಾಧೀನ ಕಳೆದುಕೊಂಡು, ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಬೆನ್ನುಹುರಿಯ ರೋಗಿಗಳಿಗಾಗಿ ಅಲ್ಲಿ 1966ರಲ್ಲಿ ಶುರುವಾದ ಪುನರ್ವಸತಿ ಕೇಂದ್ರದ ಹಿಂದಿನ ಶಕ್ತಿಯೂ ಅವರೇ. ನಡೆಯಲಾಗದಿದ್ದರೂ ಬದುಕಲು, ದುಡಿಯಲು ಆಗುತ್ತದೆ ಎಂಬುದಕ್ಕೆ ಅವರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ನಮ್ಮ ದೇಶದಲ್ಲಿ ಬೆನ್ನುಹುರಿಯ ಗಾಯಕ್ಕೆ ರಸ್ತೆ ಅಪಘಾತದಷ್ಟೇ ದೊಡ್ಡ ಕಾರಣ ಎತ್ತರದಿಂದ ಬೀಳುವುದು. ಮಲೆನಾಡು, ಕರಾವಳಿಯಲ್ಲಿ ಅಡಿಕೆ, ತೆಂಗಿನ ಮರ. ಊರು-ಪಟ್ಟಣಗಳಲ್ಲಿ ಕಟ್ಟಡದ ಸಾರುವೆ. ಮಳೆಗಾಲದಲ್ಲಿ ಮದ್ದು ಹೊಡೆಯಲು, ಆಮೇಲೆ ಅಡಿಕೆಯ ಕೊನೆ ಇಳಿಸಲು ಮರ ಹತ್ತಿದವರು ಜಾರಿದರೆ ಮುಂದಿನ ಕೆಲವು ನಿಮಿಷ ಬಹಳ ಮುಖ್ಯ. ಮೂಳೆ ಮುರಿದು ಹುರಿ ಇನ್ನೂ ಉಳಿದಿರುವ ಸಂದರ್ಭಗಳುಂಟು. ಕೂಡಲೇ ಓಡಿಬಂದ ನಾಲ್ಕು ಜನ ಕಂಕುಳಿಗೊಬ್ಬರು, ಕಾಲಿಗೊಬ್ಬರು ಕೈ ಹಾಕಿ ಎತ್ತಿ, ಬೆನ್ನು ಬಾಗಿಸಿ ಜೀಪಿನ ಹಿಂದಿನ ಸೀಟಿಗೆ ತುರುಕಿದರೆ, ಸರಿದ ಮೂಳೆಯ ಚೂಪು ತುದಿ ಕಿರುಬೆರಳಿನಷ್ಟು ದಪ್ಪದ ಆ ಹುರಿಯನ್ನು ಒತ್ತಿಬಿಡುತ್ತದೆ. ಪ್ರೀತಿಯಿಂದ, ಗಾಬರಿಯಿಂದ ಮಾಡಿದ ಕೆಲಸವೇ ಆ ಮನುಷ್ಯನನ್ನು ಜೀವನಪೂರ್ತಿ ಮಲಗಿಸಬಹುದು.

ಹಾಗಾಗಿ ಬಿದ್ದವರನ್ನು ಕೂರಿಸಬೇಡಿ, ಎಬ್ಬಿಸಿ ನಿಲ್ಲಿಸಬೇಡಿ, ನೀರು ಕುಡಿಸಬೇಡಿ. ಉಸಿರಾಡುತ್ತಿದ್ದಾರೆಯೇ ನೋಡಿ, 108ಕ್ಕೆ ಕರೆ ಮಾಡಿ. ಬೆಂಕಿ, ವಾಹನದಂಥ ಅಪಾಯ ಇಲ್ಲದಿದ್ದರೆ ಆಂಬುಲೆನ್ಸ್ ಬರುವವರೆಗೆ ಅಲ್ಲೇ ಇರಲಿ. ಕೈ ಬೆರಳು, ಕಾಲ್ಬೆರಳು ಆಡಿಸಲು ಹೇಳಿ, ಆಡಿತೋ ಇಲ್ಲವೋ ನೆನಪಿಟ್ಟು ವೈದ್ಯರಿಗೆ ತಿಳಿಸಿ. ಸಾಗಿಸಲೇಬೇಕಾಗಿ ಬಂದರೆ ಒಬ್ಬರು ತಲೆ ಮತ್ತು ಕುತ್ತಿಗೆಯನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿಯಲಿ. ಇನ್ನು ಮೂವರು ಒಂದೇ ಪಕ್ಕದಲ್ಲಿ ಮಂಡಿಯೂರಿ ಭುಜ, ಸೊಂಟ, ಮಂಡಿ ಹಿಡಿಯಲಿ. ತಲೆ ಹಿಡಿದವರು ಒಂದು-ಎರಡು-ಮೂರು ಎಂದಾಗ ಇಡೀ ದೇಹವನ್ನು ತಿರುಚದೆ ಒಟ್ಟಿಗೆ ಮಗ್ಗುಲಾಗಿಸಿ, ಬೆನ್ನಿನಡಿ ಗಟ್ಟಿ ಹಲಗೆ ಸರಿಸಿ ಮತ್ತೆ ಅಂಗಾತ ಮಲಗಿಸಿ. ಬಾಗಿಲ ಹಲಗೆಯಾದರೂ ಆದೀತು. ಕುತ್ತಿಗೆಯ ಎರಡೂ ಬದಿಗೆ ಸುರುಳಿ ಸುತ್ತಿದ ಟವೆಲ್ ಇಡಿ. ವಾಂತಿ ಬಂದರೆ ತಲೆಯನ್ನು ಮಾತ್ರ ತಿರುಗಿಸದೆ ಹಲಗೆಯ ಸಮೇತ ವಾಲಿಸಿ.

ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲಿ ನಿಂತೇ ಕೊನೆ ಇಳಿಸುವ, ಮದ್ದು ಹೊಡೆಯುವ ತೋಟಗಳು ಹೆಚ್ಚುತ್ತಿವೆ. ಕೊಳ್ಳಲು ಸಾಧ್ಯವಿರುವವರು ದಯವಿಟ್ಟು ಅದನ್ನೇ ಬಳಸಿ. ಮರ ಹತ್ತಲೇಬೇಕಾದ ತೋಟದ ಯಜಮಾನರಲ್ಲಿ ಒಂದು ಕೋರಿಕೆ ಇದೆ: ಈ ಸಲ ಮರ ಹತ್ತುವ ಕೊನೆಗೌಡರು ಕೆಲಸಕ್ಕೆ ಬಂದ ಮೊದಲ ದಿನವೇ ಎಲ್ಲರನ್ನೂ ಅಂಗಳದಲ್ಲಿ ಸೇರಿಸಿ, ಆರಡಿಯ ಒಂದು ಗಟ್ಟಿ ಹಲಗೆ ಎಲ್ಲಿಟ್ಟಿದೆ ಎಂದು ತೋರಿಸಿ, ಬಿದ್ದವರನ್ನು ಅದರ ಮೇಲೆ ಹೇಗೆ ಮಲಗಿಸಬೇಕೆಂದು ಒಮ್ಮೆ ಮಾಡಿಸಿ ನೋಡಿ.